ಜಾಗ ಬದಲಿಸಿದ ಮದ್ದಿನ ಮನೆ

ಕೋಲಾರದವರಿಗೆ ಹೈದರಾಲಿ ದೂರದವನಲ್ಲ. ಅವನು ಹುಟ್ಟಿದ್ದು ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದ ಮಕ್ಬರಾದಲ್ಲಿ. 1768ರಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಹೈದರನ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗ ನಡೆಯಿತು. ಇಂಥ ಕಾಳಗಗಳ ಫಿರಂಗಿ, ಕತ್ತಿಗಳ ಕಥೆಯನ್ನು ಎಲ್ಲರೂ ಕೇಳಿರುತ್ತಾರೆ. ಆದರೆ ಫಿರಂಗಿಗೆ ಬೇಕಾದ ಮದ್ದನ್ನು ಎಲ್ಲಿ ಇಡುತ್ತಿದ್ದರು ಎಂದು ವಿಚಾರಿಸುವವರು ಕಡಿಮೆ.

ಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣ. ಕಿಡಿ ಬಿದ್ದರೆ ಸಿಡಿಯುತ್ತದೆ, ತೇವ ತಗುಲಿದರೆ ಕೆಲಸಕ್ಕೆ ಬಾರದು. ಅದಕ್ಕೇ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಅಲ್ಲಲ್ಲಿ ಚದುರಿಸಿ ಕಟ್ಟಿದರು. ಇಟ್ಟಿಗೆ, ಗಾರೆಯ ದಪ್ಪ ಗೋಡೆ. ಅರ್ಧ ಕಟ್ಟಡ ನೆಲದೊಳಗೆ. ಒಳಗೆ ತಂಪು, ಹೊರಗಿನ ಗುಂಡಿಗೆ ಸುಲಭವಾಗಿ ಸಿಗದ ಮೈ. ಅಂದಚಂದದ ಗೊಡವೆಗೇ ಹೋಗದ ಕಟ್ಟಡ. ಪ್ರವಾಸಿಗರು ದರಿಯಾ ದೌಲತ್ ನೋಡಿ ಹೊರಟುಬಿಡುವುದೂ ಅದಕ್ಕೇ ಇರಬೇಕು.

ಇಷ್ಟೊಂದು ಎಚ್ಚರಿಕೆ ಏಕೆ ಎನ್ನುವಿರಾ? 1780ರಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಸಿಡಿದು ಇಂಗ್ಲಿಷ್ ಪಡೆ ಕಂಗೆಟ್ಟಿತು. 1799ರ ಮೇ 2ರಂದು ಸರದಿ ತಿರುಗಿತು. ಕಂಪನಿಯ ಗುಂಡೊಂದು ಕೋಟೆಯೊಳಗಿನ ರಾಕೆಟ್ಟುಗಳ ದಾಸ್ತಾನಿಗೆ ತಗುಲಿ ಭಾರೀ ಸ್ಫೋಟವಾಯಿತು. ಎರಡು ದಿನಗಳ ನಂತರ ಕೋಟೆ ಬಿತ್ತು, ಟಿಪ್ಪು ಮಡಿದ.

ಗುಂಡಿನ ಮಳೆಯಲ್ಲಿ ಉಳಿದುಕೊಂಡ ಒಂದು ಮದ್ದಿನ ಮನೆಗೆ ಎರಡು ಶತಮಾನಗಳ ನಂತರ ರೈಲು ಎದುರಾಯಿತು. ಬೆಂಗಳೂರು–ಮೈಸೂರು ಜೋಡಿಹಳಿಯ ದಾರಿಗೆ ಅಡ್ಡವಾಗಿದ್ದದ್ದು ರೈಲು ನಿಲ್ದಾಣದ ಬಳಿಯ ಈ ಕಟ್ಟಡ. ಕೆಡವುವಂತಿಲ್ಲ, ಬಿಡುವಂತಿಲ್ಲ. ಕಾಮಗಾರಿ ವರ್ಷಗಟ್ಟಲೆ ನಿಂತಿತು. ಕೊನೆಗೆ ದೆಹಲಿಯ ಸಂಸ್ಥೆಯೊಂದು ಅಮೆರಿಕದ ವುಲ್ಫ್ ಕಂಪನಿಯೊಡನೆ ಸೇರಿ ಕೆಲಸಕ್ಕಿಳಿಯಿತು. ಸುತ್ತ ಮಣ್ಣು ಅಗೆದು, ಬುಡಕ್ಕೆ ಉಕ್ಕಿನ ತೊಲೆ ಕೊಟ್ಟು, ಜಾಕ್‌ಗಳಿಂದ ಇಡೀ ಕಟ್ಟಡವನ್ನು ಎತ್ತಿದರು. ಸುಮಾರು ಸಾವಿರ ಟನ್ ತೂಕದ ಅದನ್ನು 2017ರ ಮಾರ್ಚ್‌ನಲ್ಲಿ ಸುಮಾರು 130 ಮೀಟರ್ ದೂರಕ್ಕೆ ಸರಿಸಿದರು.

ಕಟ್ಟಡವೇನೋ ಉಳಿಯಿತು. ಆದರೆ ಅರ್ಧ ನೆಲದೊಳಗೆ ಹುದುಗಿರುವುದೇ ಮದ್ದಿನ ಮನೆಯ ಗುಟ್ಟು. ಆ ನೆಲವನ್ನು ಮಾತ್ರ ಯಾವ ಜಾಕ್‌ನಿಂದಲೂ ಎತ್ತಿ ತರಲಾಗಲಿಲ್ಲ. ಇನ್ನೊಂದು ಮಾತು: ಕೋಟಿಗಟ್ಟಲೆ ಹಣ ಬಂದದ್ದು ರೈಲಿಗೆ ಅಡ್ಡ ಬಂದ ಈ ಒಂದಕ್ಕೆ. ಪಟ್ಟಣದಲ್ಲಿ ಇಂಥವು ಇನ್ನೂ ಹಲವು ಇವೆ, ಯಾರ ದಾರಿಗೂ ಅಡ್ಡ ಬಾರದೆ.