ಟ್ಯಾಂಕಿನ ತಳದ ನೀರು



ಟ್ರ್ಯಾಕ್ಟರ್ ಈಗ ಊರೂರಿಗೂ ಬಂದಿದೆ. ಹೊಲ ಹದಕ್ಕೆ ಬಂದ ದಿನವೇ ಅದು ಕೆಟ್ಟು ನಿಂತರೆ ಏನು ಗತಿ? ಬಿತ್ತನೆ ತಪ್ಪುತ್ತದೆ. ರಿಪೇರಿಗೆ ಸಾಲ ಆಗುತ್ತದೆ. ಹೀಗೆ ಕೆಡಲು ಒಂದು ಕಾರಣ, ಡೀಸೆಲ್‌ಗೆ ಸೇರಿದ ನೀರು ಮತ್ತು ಕಸ. ಇವತ್ತು ಅದರ ಬಗ್ಗೆ ನಾಲ್ಕು ಮಾತು ಹೇಳ್ತೀನಿ.

ಮುಚ್ಚಿದ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತೆ ಅಂತೀರಾ? ಬಿಸಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದರೆ ಒಳಗೆ ಹನಿ ಕೂರುತ್ತದೆ ಅಲ್ವಾ? ಹಾಗೆಯೇ ಇದು. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಇರುತ್ತದೆ. ಗಾಳಿಯಲ್ಲಿ ತೇವ ಇರುತ್ತದೆ. ರಾತ್ರಿ ತಣ್ಣಗಾದಾಗ ಅದು ಹನಿಯಾಗಿ ಇಳಿಯುತ್ತದೆ. ಮುಚ್ಚಳ ಸಡಿಲ ಇದ್ದರೆ ಮಳೆನೀರೂ ಸೇರುತ್ತದೆ. ಒಣಗಿಸದ ಕ್ಯಾನಿನಿಂದಲೂ ಬರುತ್ತದೆ.

ಈ ನೀರಿನಿಂದ ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ಡೀಸೆಲನ್ನು ಇಂಜಿನ್ನಿಗೆ ತಳ್ಳುವ ಪಂಪು ಕೆಡುತ್ತದೆ. ಅದರ ರಿಪೇರಿಗೆ ಸಾವಿರಾರು ರೂಪಾಯಿ ಬೇಕು.

ನೀರು ತೆಗೆಯೋದು ಹೇಗೆ? ಒಂದು ಲೀಟರ್ ನೀರು 1000 ಗ್ರಾಂ ತೂಗುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ನೀರು ಭಾರ, ಅದಕ್ಕೇ ತಳ ಸೇರುತ್ತದೆ. ಆದ್ದರಿಂದ ಅದನ್ನು ತಳದಿಂದಲೇ ತೆಗೆಯಬೇಕು.

ಗಾಡಿಯನ್ನು ರಾತ್ರಿಯೆಲ್ಲ ಸಮ ಜಾಗದಲ್ಲಿ ನಿಲ್ಲಿಸಿ. ಬೆಳಗ್ಗೆ ಚಾಲೂ ಮಾಡುವ ಮೊದಲು ಟ್ಯಾಂಕಿನ ತಳದ ತಿರುಪು ಸಡಿಲಿಸಿ. ಕೆಳಗೆ ಗಾಜಿನ ಬಾಟಲಿ ಹಿಡಿಯಿರಿ. ಮೊದಲು ನೀರು, ಕೆಸರು ಬರುತ್ತದೆ. ಬರೀ ತಿಳಿ ಡೀಸೆಲ್ ಬಂದ ಕೂಡಲೇ ತಿರುಪು ಬಿಗಿ ಮಾಡಿ. ಫಿಲ್ಟರಿನ ತಳದಲ್ಲೂ ನೀರು ನಿಲ್ಲುತ್ತದೆ. ಅದನ್ನೂ ಹೀಗೇ ತೆಗೆಯಿರಿ. ಆಮೇಲೆ ಗಾಡಿ ಚಾಲೂ ಆಗದಿದ್ದರೆ ಪೈಪಿಗೆ ಗಾಳಿ ಸೇರಿರಬಹುದು. ಅದನ್ನು ತೆಗೆಯೋದನ್ನು ಮೆಕ್ಯಾನಿಕ್ ಹತ್ತಿರ ಒಮ್ಮೆ ಕಲಿತುಕೊಳ್ಳಿ.

ಒಂದು ಮಾತು ಮಾತ್ರ ಮರೀಬೇಡಿ. ಕೆಲವರು ಪೈಪು ಹಾಕಿ ಬಾಯಿಂದ ಡೀಸೆಲ್ ಎಳೀತಾರೆ. ಖಂಡಿತ ಬೇಡ. ಸ್ವಲ್ಪ ಡೀಸೆಲ್ ಶ್ವಾಸಕೋಶಕ್ಕೆ ಹೋದರೂ ಜೀವಕ್ಕೆ ಅಪಾಯ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ವಾಂತಿ ಆಗುವಾಗ ಡೀಸೆಲ್ ಶ್ವಾಸಕೋಶ ಸೇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹತ್ತಿರ ಬೀಡಿ, ದೀಪ, ಒಲೆ ಬೇಡ. ಮಕ್ಕಳನ್ನು ದೂರ ಇಡಿ. ತೆಗೆದ ಕೊಳೆ ಡೀಸೆಲನ್ನು ಬಾವಿ ಹತ್ತಿರ, ಚರಂಡಿಗೆ ಸುರಿಯಬೇಡಿ. ಗ್ಯಾರೇಜಿಗೆ ಕೊಡಿ. ಸ್ಕೂಟರಿನ ಪೆಟ್ರೋಲ್ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಆ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ನೀರು ಸೇರದ ಹಾಗೆ ನೋಡಿಕೊಳ್ಳೋದು ಇನ್ನೂ ಒಳ್ಳೆಯದು. ಸಂಜೆಯೇ ಟ್ಯಾಂಕ್ ತುಂಬಿಸಿ. ಡೀಸೆಲನ್ನು ಜಾಲರಿಯಲ್ಲಿ ಸೋಸಿ ಹಾಕಿ. ಮುಚ್ಚಳ ಬಿಗಿಯಾಗಿರಲಿ.

ನೀವೀಗ ಓದು ಬರಹ ಕಲಿತಿದ್ದೀರಿ. ಗಾಡಿಯ ಜೊತೆ ಬಂದ ಪುಸ್ತಕ ತೆರೆದು ನೋಡಿ. ತಿರುಪು ಎಲ್ಲಿದೆ ಅಂತ ಅದರಲ್ಲಿ ಚಿತ್ರ ಇರುತ್ತದೆ. ನೀರು ತೆಗೆದ ತಾರೀಕು ಬರೆದಿಡಿ. ಡೀಸೆಲ್ ಇಟ್ಟ ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: ‘ಡೀಸೆಲ್. ಕುಡಿಯಬಾರದು.’ ಆ ಎರಡು ಪದ ಒಂದು ಮಗುವಿನ ಜೀವ ಉಳಿಸಬಹುದು.