ಕೊಂದವನ ಮುಖ, ಸತ್ತವರ ಹೆಸರು



ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ಮುಂಡಗೋಡದಲ್ಲಿ ನಮ್ಮ ಸ್ನೇಹಿತರೊಬ್ಬರ ಮನೆಯ ಪಡಸಾಲೆಯಲ್ಲಿ ನಾವು 15-20 ಮಂದಿ ಸೇರಿದ್ದೆವು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಚುರುಮುರಿ, ಚಹಾ. ಅಂದು ನಾವು ನೋಡಿದ್ದು ಒಂದು ಹಳೆಯ ಹಿಂದಿ ಚಿತ್ರ. ಹೆಸರು 'ರಾಮನ್ ರಾಘವ್: ಎ ಸಿಟಿ, ಎ ಕಿಲ್ಲರ್'. ಮುಂದೆ 'ಅಂಧಾಧುನ್' ಚಿತ್ರದಿಂದ ದೇಶಕ್ಕೆಲ್ಲ ಪರಿಚಿತರಾದ ಶ್ರೀರಾಮ್ ರಾಘವನ್ ಅವರು 1991ರಲ್ಲಿ, ಇನ್ನೂ ತರುಣರಾಗಿದ್ದಾಗ, ಅಲ್ಪ ಹಣದಲ್ಲಿ ವಿಡಿಯೊ ಮೇಲೆ ತೆಗೆದ ಚಿತ್ರವಿದು. ನಟರನ್ನಿಟ್ಟುಕೊಂಡು ಸಾಕ್ಷ್ಯಚಿತ್ರದ ಧಾಟಿಯಲ್ಲಿ ಕಥೆ ಹೇಳುತ್ತದೆ. ಕೊಲೆಗಾರನ ಪಾತ್ರದಲ್ಲಿ ರಘುವೀರ್ ಯಾದವ್ ಇದ್ದಾರೆ. ಚಿತ್ರಮಂದಿರದ ಮುಖವನ್ನೇ ಕಾಣದ ಈ ಚಿತ್ರ ಪ್ರತಿಯಿಂದ ಪ್ರತಿಯಾಗಿ, ಕೈಯಿಂದ ಕೈಗೆ ದಾಟುತ್ತ ಇಷ್ಟು ವರ್ಷ ಬದುಕಿದೆ.

ರಾಮನ್ ರಾಘವ್ ಕಲ್ಪನೆಯ ಪಾತ್ರವಲ್ಲ. 1960ರ ದಶಕದ ಮಧ್ಯದಲ್ಲೊಮ್ಮೆ, ಮತ್ತೆ 1968ರಲ್ಲಿ, ಮುಂಬಯಿಯ ಉಪನಗರಗಳಲ್ಲಿ ರಾತ್ರಿ ಹೊತ್ತು ರಸ್ತೆ ಬದಿಯಲ್ಲಿ, ಗುಡಿಸಲುಗಳಲ್ಲಿ ಮಲಗಿದ್ದವರ ತಲೆ ಜಜ್ಜಿ ಕೊಂದವನು. 1968ರ ಆಗಸ್ಟಿನಲ್ಲಿ ಸಿಕ್ಕಿಬಿದ್ದ. ಕೊಂದವರ ಸಂಖ್ಯೆ 40ಕ್ಕೂ ಮೇಲೆಂದು ಒಪ್ಪಿಕೊಂಡ. ನ್ಯಾಯಾಲಯ ಮರಣದಂಡನೆ ವಿಧಿಸಿತು. ಆತ ಗುಣವಾಗದ ಮನೋರೋಗಿಯೆಂದು ತಜ್ಞ ವೈದ್ಯರು ವರದಿ ಕೊಟ್ಟ ಮೇಲೆ 1987ರಲ್ಲಿ ಶಿಕ್ಷೆ ಜೀವಾವಧಿಗೆ ಇಳಿಯಿತು. 1995ರಲ್ಲಿ ಪುಣೆಯ ಆಸ್ಪತ್ರೆಯಲ್ಲಿ ತೀರಿಕೊಂಡ.

ಇರಲಿ. ನಾನು ಇಂದು ಹೇಳಹೊರಟಿರುವುದು ಚಿತ್ರದ ಬಗೆಗಲ್ಲ, ಚಿತ್ರ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ನಡೆದ ಮಾತಿನ ಬಗೆಗೆ.

ಮೊದಲು ಬಾಯಿ ತೆರೆದವನು ಕಾಲೇಜು ಓದುವ ಒಬ್ಬ ಹುಡುಗ. "ಖರ್ಚೇ ಮಾಡಿಲ್ಲ ಸಾರ್. ಚಿತ್ರ ಮಬ್ಬು, ಸಂಗೀತ ಸಪ್ಪೆ. ಈಗಿನವರು ತೆಗೆದಿದ್ದರೆ ಮೈ ನಡುಗಿಸಿಬಿಡುತ್ತಿದ್ದರು" ಎಂದ. ಆತನ ಗೆಳೆಯ ಮಾತ್ರ ಒಪ್ಪಲಿಲ್ಲ. "ಮಬ್ಬಾಗಿರುವುದರಿಂದಲೇ ನಿಜವೆನಿಸಿತು, ಆ ಕಣ್ಣು ನೋಡಿದೆಯಾ?" ಎಂದು ಕೇಳಿದ. ನಿವೃತ್ತ ಮೇಷ್ಟ್ರೊಬ್ಬರಿಗೆ ಸಿಟ್ಟು ಬಂದಿತ್ತು. "ಸಾವಿರ ಜನ ಒಳ್ಳೆಯ ಕೆಲಸ ಮಾಡಿ ಸತ್ತರು, ಅವರ ಮೇಲೆ ಚಿತ್ರವಿಲ್ಲ. ಇವನಿಗೇಕೆ ಈ ಮರ್ಯಾದೆ?" ಎಂಬುದು ಅವರ ಪ್ರಶ್ನೆ. ಇನ್ನೊಬ್ಬರು ಹುಚ್ಚನಿಗೆ ಗಲ್ಲು ಸರಿಯೋ ತಪ್ಪೋ ಎಂದು ಚರ್ಚೆ ತೆಗೆದರು. ಮಾತು ಹೀಗೆ ಅರ್ಧ ಗಂಟೆ ಓಡಿತು.

ಮೂಲೆಯಲ್ಲಿ ಕುಳಿತಿದ್ದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಆವರೆಗೆ ಸುಮ್ಮನಿದ್ದವರು ಆಗ ಒಂದು ಮಾತು ಕೇಳಿದರು. "ಸತ್ತರಲ್ಲ, ಅವರು ಯಾರು? ಒಬ್ಬರ ಹೆಸರಾದರೂ ನಿಮಗೆ ನೆನಪಿದೆಯೆ?"

ಯಾರಿಗೂ ನೆನಪಿರಲಿಲ್ಲ. ನನಗೂ ಇರಲಿಲ್ಲ. ಈ ಚಿತ್ರವನ್ನು ನಾನು ಅದಕ್ಕೆ ಮೊದಲೇ ಎರಡು ಬಾರಿ ನೋಡಿದ್ದೆ. ಕೊಲೆಗಾರನ ನಡಿಗೆಯನ್ನು ನಕಲು ಮಾಡಿ ತೋರಿಸಬಲ್ಲೆ. ಸತ್ತ ಒಬ್ಬರ ಹೆಸರು ಹೇಳಲಾರೆ. ನಮ್ಮ ಜಿಲ್ಲೆಯಿಂದ ಹೊಟ್ಟೆಪಾಡಿಗೆಂದು ಮುಂಬಯಿ ಸೇರಿದವರು ಕಡಿಮೆಯೇನಲ್ಲ. ಮೊದಮೊದಲು ಅಂಗಡಿಯ ಕಟ್ಟೆಯ ಮೇಲೆ ರಾತ್ರಿ ಕಳೆದವರು ನಮ್ಮ ಹಿರಿಯರಲ್ಲೇ ಇದ್ದಾರೆ. ಹಾಗಿದ್ದೂ ಮಲಗಿದವನ ಕಡೆಯಿಂದ ಆ ಕಥೆಯನ್ನು ನೋಡಬೇಕೆಂದು ನಮಗೆ ತೋಚಲಿಲ್ಲ.

ಆಕೆಯ ಮುಂದಿನ ಮಾತು ಇನ್ನೂ ಹತ್ತಿರಕ್ಕೆ ಬಂತು. "ಮುಂಬಯಿ ಯಾಕೆ? ನಮ್ಮಲ್ಲೇ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣ್ಣುಮಕ್ಕಳು ಸತ್ತು ಬಿದ್ದಿರಲಿಲ್ಲವೆ?"

ಆಕೆ ಹೇಳಿದ್ದು ದಕ್ಷಿಣ ಕನ್ನಡದ ಮೋಹನ್ ಕುಮಾರನ ಪ್ರಕರಣ. ಪತ್ರಿಕೆಗಳು ಅವನಿಗೆ 'ಸಯನೈಡ್ ಮೋಹನ್' ಎಂದು ಹೆಸರಿಟ್ಟವು. ನೋಡಿ, ಹೆಸರು ಸಿಕ್ಕಿದ್ದು ಇಲ್ಲಿಯೂ ಅವನಿಗೇ. ಆತ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. 2003ರಿಂದ 2009ರವರೆಗಿನ ಅವಧಿಯಲ್ಲಿ 20 ಮಹಿಳೆಯರ ಕೊಲೆಯ ಆರೋಪ ಅವನ ಮೇಲೆ ಬಂತು. ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದ ಬಡ ಮನೆಯ ಹೆಣ್ಣುಮಕ್ಕಳನ್ನು ಆತ ಪರಿಚಯ ಮಾಡಿಕೊಳ್ಳುತ್ತಿದ್ದ. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎನ್ನುತ್ತಿದ್ದ. ಮೈಸೂರು, ಮಡಿಕೇರಿ, ಬೆಂಗಳೂರು ಹೀಗೆ ದೂರದ ಊರಿಗೆ ಕರೆದೊಯ್ದು ವಸತಿಗೃಹದಲ್ಲಿ ಇಳಿಯುತ್ತಿದ್ದ. ಮರುದಿನ ಏನೋ ನೆವ ಹೇಳಿ ಒಡವೆ ಕಳಚಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಮಾತ್ರೆ ಕೊಟ್ಟು, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಅದು ವಿಷ. ಆಕೆ ಒಳಗಿನಿಂದ ಚಿಲಕ ಹಾಕಿಕೊಂಡು ನುಂಗುತ್ತಿದ್ದಳು. ಆತ ಒಡವೆಯೊಂದಿಗೆ ಊರಿಗೆ ಮರಳುತ್ತಿದ್ದ.

ಇನ್ನು ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಬಾಗಿಲು ಒಡೆದಾಗ ಒಳಗೆ ಕಂಡದ್ದು ಒಳ್ಳೆಯ ಸೀರೆಯುಟ್ಟ, ಮೈಮೇಲೆ ಒಡವೆಯಿಲ್ಲದ, ಗುರುತು ಸಿಗದ ಒಬ್ಬ ಹೆಣ್ಣುಮಗಳ ಶವ. ಚಿಲಕ ಒಳಗಿನಿಂದ ಹಾಕಿತ್ತು. ಹಾಗಾಗಿ ಆತ್ಮಹತ್ಯೆ ಇಲ್ಲವೆ ಅಸಹಜ ಸಾವು ಎಂದು ದಾಖಲಾಯಿತು. ವಾರಸುದಾರರು ಬರಲಿಲ್ಲ. ಅತ್ತ ಆಕೆಯ ಊರಿನಲ್ಲಿ ಮನೆಯವರು ಮಗಳು ಯಾರೊಂದಿಗೋ ಓಡಿಹೋದಳೆಂದು ತಿಳಿದು, ಮಾನಕ್ಕೆ ಅಂಜಿ, ಎಷ್ಟೋ ಕಡೆ ಪೊಲೀಸರ ಬಳಿಗೇ ಹೋಗಲಿಲ್ಲ. ಒಂದು ಜಿಲ್ಲೆಯಲ್ಲಿ ಹೆಸರಿಲ್ಲದ ಶವ, ಇನ್ನೊಂದು ಜಿಲ್ಲೆಯಲ್ಲಿ ಶವವಿಲ್ಲದ ಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ವರ್ಷಗಟ್ಟಲೆ ಯಾರೂ ಇರಲಿಲ್ಲ.

2009ರಲ್ಲಿ ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿಯ ಯುವತಿ ಕಾಣೆಯಾದಾಗ ಊರವರು ಬೀದಿಗಿಳಿದು ಗದ್ದಲ ಮಾಡಿದರು. ಆಗ ಪೊಲೀಸರು ದೂರವಾಣಿ ಕರೆಗಳ ಜಾಡು ಹಿಡಿದು ಹೊರಟರು. ಆ ಜಾಡಿನಲ್ಲಿ ಒಬ್ಬಳ ಹಿಂದೆ ಇನ್ನೊಬ್ಬಳು ಕಾಣೆಯಾದವಳು ಕಾಣಿಸುತ್ತ ಹೋದಳು. ಅಕ್ಟೋಬರ್ ತಿಂಗಳಲ್ಲಿ ಆತನ ಬಂಧನವಾಯಿತು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ತೀರ್ಪುಗಳನ್ನು ಕೊಟ್ಟಿತು. 20ನೆಯ ಹಾಗೂ ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಈ ಪ್ರಕರಣದ ಛಾಯೆಯುಳ್ಳ 'ದಹಾಡ್' ಎಂಬ ಹಿಂದಿ ಧಾರಾವಾಹಿ 2023ರಲ್ಲಿ ಬಂತು. ಕಥೆ ನಡೆಯುವುದು ರಾಜಸ್ಥಾನದಲ್ಲಿ, ಖರ್ಚೂ ಧಾರಾಳ. ಅದಕ್ಕೆ ಮೊದಲು 2022ರಲ್ಲಿ ಉಮೇಶ್ ರೆಡ್ಡಿಯ ಪ್ರಕರಣ ಕುರಿತು 'ಬೀಸ್ಟ್ ಆಫ್ ಬ್ಯಾಂಗಲೋರ್' ಎಂಬ ಸಾಕ್ಷ್ಯಚಿತ್ರ ಮಾಲಿಕೆ ಬಂದಿತ್ತು. ಬೀಸ್ಟ್ ಎಂದರೆ ಮೃಗ. ಈ ಹೆಸರು ನೋಡುವವರಿಗೆ ಒಂದು ಸಮಾಧಾನ ಕೊಡುತ್ತದೆ. ಮೃಗವಾದರೆ ಅದು ಕಾಡಿನಿಂದ ಬಂತು, ಬೋನಿಗೆ ಹೋಯಿತು, ನಮಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮೋಹನ್ ಕುಮಾರ ಕಾಡಿನಿಂದ ಬಂದವನಲ್ಲ. ನಮ್ಮ ವರದಕ್ಷಿಣೆ, ನಮ್ಮ ಮಾನದ ಭಯ, ನಮ್ಮ 'ಓಡಿಹೋದಳು' ಎಂಬ ಮಾತು, ಇವಿಷ್ಟೇ ಅವನ ಬಂಡವಾಳ. ಅದು ಸಿಗದಿದ್ದರೆ ಸಯನೈಡ್ ಒಂದರಿಂದ ಆತ ಅಷ್ಟು ವರ್ಷ ನಡೆಯಲಾಗುತ್ತಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಬಹಳ ವರ್ಷಗಳ ಹಿಂದೆ ನಮ್ಮ ಓಣಿಯ ಹುಡುಗಿಯೊಬ್ಬಳು ಹುಬ್ಬಳ್ಳಿಯ ಬಸ್ ಹತ್ತಿ ಹೋದವಳು ಮರಳಲಿಲ್ಲ. ನಾವು ಮಾಡಿದ್ದೇನು? ಕಟ್ಟೆಯ ಮೇಲೆ ಕುಳಿತು ಯಾರೊಂದಿಗೆ ಹೋಗಿರಬಹುದೆಂದು ಊಹಿಸಿದೆವು. ಆಕೆಯ ತಂದೆ ಠಾಣೆಗೆ ಹೋಗಲೇ ಎಂದು ನನ್ನನ್ನೇ ಕೇಳಿದ್ದರು. "ಸುಮ್ಮನೆ ಹೆಸರು ಕೆಡಿಸಿಕೊಳ್ಳಬೇಡಿ, ತಾನೇ ಬರುತ್ತಾಳೆ" ಎಂದು ಬುದ್ಧಿ ಹೇಳಿದವನು ನಾನು. 3 ವರ್ಷದ ಮೇಲೆ ಗೋವಾದಿಂದ ಆಕೆಯ ಪತ್ರ ಬಂತು. ಯಾವುದೋ ಮನೆಯಲ್ಲಿ ಕೆಲಸಕ್ಕಿದ್ದಳು. ಬದುಕಿದ್ದಳು. ಅದು ನನ್ನ ಬುದ್ಧಿವಾದದ ಫಲವಲ್ಲ. ಆ 3 ವರ್ಷ ಆಕೆ ಎಲ್ಲಾದರೂ ಚಿಲಕ ಹಾಕಿದ ಬಾಗಿಲ ಹಿಂದೆ ಬಿದ್ದಿದ್ದರೂ ನಮ್ಮ ಓಣಿ ಅದೇ ಮಾತನ್ನೇ ಆಡುತ್ತಿತ್ತು.

ಹಾಗಾದರೆ ಇಂಥ ಚಿತ್ರಗಳನ್ನು ನೋಡಲೇಬಾರದೆ? ಮೇಷ್ಟ್ರು ಹಾಗೆಂದರು. ನಾನು ಒಪ್ಪಲಾರೆ. ನೋಡಬೇಕು, ಆದರೆ ನೋಡುವ ಕಡೆ ಬದಲಾಗಬೇಕು. ಕಡಿಮೆ ಖರ್ಚಿನ ಚಿತ್ರಕ್ಕೆ ಇಲ್ಲೊಂದು ಅನುಕೂಲವೂ ಇದೆ. ರಕ್ತದ ಹೊಳೆ ಹರಿಸಲು ಹಣ ಬೇಕು. ಒಂದು ಖಾಲಿ ಬಸ್ ನಿಲ್ದಾಣ, ಒಂದು ಮುಚ್ಚಿದ ಬಾಗಿಲು, ಠಾಣೆಯ ದಫ್ತರಿನ ಒಂದು ಹಾಳೆ, ಮಗಳ ಫೋಟೊ ಹಿಡಿದು ಕುಳಿತ ಒಬ್ಬ ತಾಯಿ, ಇವನ್ನು ತೋರಿಸಲು ಹೆಚ್ಚು ಹಣ ಬೇಡ. ಮೋಹನ್ ಕುಮಾರನ ಕಥೆಗೆ ಬೇಕಾದ ಚಿತ್ರಗಳು ಇವೇ. "ಖರ್ಚೇ ಮಾಡಿಲ್ಲ" ಎಂದ ಹುಡುಗನಿಗೆ ನಾನು ಆ ದಿನ ಈ ಉತ್ತರ ಕೊಡಬೇಕಿತ್ತು. ಹೊಳೆದದ್ದು ಎಲ್ಲರೂ ಮನೆಗೆ ಹೋದ ಮೇಲೆ.

ಆದ್ದರಿಂದ ಮುಂದೆ ನೀವು ಇಂಥದೊಂದು ಚಿತ್ರ ನೋಡಿ ಅಭಿಪ್ರಾಯ ಹೇಳುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಸತ್ತವರಲ್ಲಿ ಒಬ್ಬರಾದರೂ ನನಗೆ ಮನುಷ್ಯರಾಗಿ ಕಂಡರೆ? ಅವನು ಅಷ್ಟು ಕಾಲ ಸಿಕ್ಕಿಬೀಳದಿರಲು ಸುತ್ತಲಿನವರ ಯಾವ ಮಾತು, ಯಾವ ಮೌನ ಕಾರಣವಾಯಿತು? ಆ ಮಾತನ್ನು ನಾನೂ ಆಡಿದ್ದೇನೆಯೆ?

ಇದರ ಜೊತೆಗೆ ವ್ಯವಹಾರದ ಮಾತೊಂದನ್ನೂ ನೆನಪಿಡಿ. ಮನೆಯವರು ಯಾರೇ ಕಾಣೆಯಾದರೂ 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ. 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೆ ಹೋಗಿ, ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಫೋಟೊ, ಉಟ್ಟ ಬಟ್ಟೆ, ಒಡವೆ, ದೂರವಾಣಿ ಸಂಖ್ಯೆ ಎಲ್ಲವನ್ನೂ ಬರೆಸಿ. ಮಗಳು ಸ್ವಇಚ್ಛೆಯಿಂದ ಹೋಗಿದ್ದರೆ ಅಷ್ಟೇ ಆಯಿತು, ಕ್ಷೇಮವಾಗಿದ್ದಾಳೆಂದು ತಿಳಿಯುತ್ತದೆ. ಮರುದಿನ ಕಟ್ಟೆಯ ಮೇಲೆ ಯಾರು ಏನಂದರೂ ಅನ್ನಲಿ.

ಆ ರಾತ್ರಿ ಮಳೆ ನಿಂತ ಮೇಲೆ ನಾನು ಮನೆಗೆ ನಡೆದು ಬರುವಾಗ ಮುಂಡಗೋಡದ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ಚೀಲ ಹಿಡಿದು ಒಬ್ಬಳೇ ಕುಳಿತಿದ್ದಳು. ಮೊದಲಾದರೆ ಏನೋ ಒಂದು ಊಹೆ ಮಾಡಿಕೊಂಡು ದಾಟಿ ಹೋಗುತ್ತಿದ್ದೆ. ಅಂದು ನಿಂತು ಎಲ್ಲಿಗೆ ಹೋಗಬೇಕಮ್ಮ ಎಂದು ಕೇಳಿದೆ. ಶಿರಸಿಗೆ ಎಂದಳು. ಅಣ್ಣ ಬೈಕ್ ತರುತ್ತಿದ್ದನಂತೆ. ಅವನು ಬರುವವರೆಗೆ ಸ್ವಲ್ಪ ದೂರದಲ್ಲಿ ನಿಂತಿದ್ದೆ. ಹತ್ತು ನಿಮಿಷಕ್ಕೆ ಬಂದ.