ಕಾರಿನೊಳಗಿನ ಎರಡು ತಂತಿಗಳು



ಕಾರು ಓಡುತ್ತಿರುವಾಗಲೇ ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ದೀಪಗಳು ಮೀಟರಿನಲ್ಲಿ ಒಟ್ಟಿಗೆ ಹತ್ತಿಕೊಂಡರೆ ಎದೆ ಧಸಕ್ಕೆನ್ನುತ್ತದೆ. ಇಷ್ಟೆಲ್ಲ ಭಾಗಗಳು ಒಂದೇ ಗಳಿಗೆಯಲ್ಲಿ ಕೆಟ್ಟವೇ? ಬಹಳ ಸಲ ಕೆಟ್ಟಿರುವುದು ಅವುಗಳ ನಡುವಿನ ಸಂಪರ್ಕ ಮಾತ್ರ. ಆ ಸಂಪರ್ಕ ಹುಟ್ಟಿ ಬೆಳೆದ ಬಗೆ ತಿಳಿದರೆ ದೋಷ ಹುಡುಕುವ ದಾರಿಯೂ ತೆರೆದುಕೊಳ್ಳುತ್ತದೆ.

ಕಾರಿಗೆ ಎಲೆಕ್ಟ್ರಾನಿಕ್ಸ್ ಬಂದ ಮೊದಲ ದಿನಗಳಲ್ಲಿ ಒಂದೊಂದು ಸಂಕೇತಕ್ಕೂ ಬೇರೆ ಬೇರೆ ತಂತಿ ಎಳೆಯುತ್ತಿದ್ದರು. ವೈರಿಂಗ್ ದಪ್ಪವಾಗುತ್ತ ಹೋಯಿತು. 1983ರಲ್ಲಿ ಜರ್ಮನಿಯ ಬಾಷ್ ಕಂಪನಿಯಲ್ಲಿ ಉವೆ ಕೀನ್ಕೆ ಮತ್ತು ಸಂಗಡಿಗರು ಇದಕ್ಕೆ ಪರಿಹಾರ ಹುಡುಕತೊಡಗಿದರು. 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ‘ಕಂಟ್ರೋಲರ್ ಏರಿಯಾ ನೆಟ್‌ವರ್ಕ್’, ಅಂದರೆ ಕ್ಯಾನ್, ಲೋಕಕ್ಕೆ ಪರಿಚಯವಾಯಿತು. ಮರುವರ್ಷ ಇಂಟೆಲ್ ಅದರ ಚಿಪ್ ತಂದಿತು. 1991ರ ಹೊತ್ತಿಗೆ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಕ್ಯಾನ್ ಓಡುತ್ತಿತ್ತು. 1993ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು.

ಕ್ಯಾನ್‌ನ ಹೂರಣವೆಲ್ಲ, ಕಾರಿನ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕಗಳು, ಅಂದರೆ ಮಾಡ್ಯೂಲುಗಳು, ಹಂಚಿಕೊಳ್ಳುವ ಹೆಣೆದ ಎರಡು ತಂತಿಗಳಲ್ಲಿದೆ. ಸುಮ್ಮನಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಸಂದೇಶ ಹರಿಯುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಹೊರಗಿನ ವಿದ್ಯುತ್ ಗದ್ದಲ ಎರಡನ್ನೂ ಸಮನಾಗಿ ಕಲಕುವುದರಿಂದ ಅವುಗಳ ನಡುವಿನ ಅಂತರ ಕೆಡುವುದಿಲ್ಲ. ಇನ್ನೂ ಸೊಗಸಾದ ಏರ್ಪಾಡೊಂದಿದೆ: ಪ್ರತಿ ಮಾಡ್ಯೂಲೂ ತನ್ನ ತಪ್ಪುಗಳ ಲೆಕ್ಕ ತಾನೇ ಇಡುತ್ತದೆ. ಕಳುಹಿಸುವಾಗಿನ ತಪ್ಪಿನ ಲೆಕ್ಕ 255 ದಾಟಿದರೆ, ಉಳಿದವರ ಕೆಲಸಕ್ಕೆ ಅಡ್ಡಿಯಾಗದಂತೆ ತಾನೇ ಹಿಂದೆ ಸರಿಯುತ್ತದೆ. ಹಾಗಾಗಿ ಸುಮ್ಮನಾದ ಮಾಡ್ಯೂಲ್ ಸತ್ತಿದೆ ಎನ್ನುವಂತಿಲ್ಲ. ತಂತಿಯ ದೋಷಕ್ಕೆ ಅದು ಮೌನ ತಾಳಿರಬಹುದು.

1996ರಲ್ಲಿ ಅಮೆರಿಕ ತನ್ನಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ, ದೋಷ ತಪಾಸಣೆಗೆಂದು ಸ್ಕ್ಯಾನರ್ ಜೋಡಿಸುವ 16 ಪಿನ್ನಿನ ಒಬಿಡಿ ಸಾಕೆಟ್ ಕಡ್ಡಾಯ ಮಾಡಿತು. 2008ರಿಂದ ಆ ಸಾಕೆಟ್ಟಿಗೆ ಕ್ಯಾನ್ ಸಂಪರ್ಕವೂ ಕಡ್ಡಾಯವಾಯಿತು. ಸ್ಕ್ಯಾನರ್ ಹಚ್ಚಿದಾಗ ‘ಯು0100’ ಎಂದು ಬಂದರೆ, ಎಂಜಿನ್ ಮಾಡ್ಯೂಲಿನೊಂದಿಗೆ ಸಂಪರ್ಕ ತಪ್ಪಿದೆ ಎಂದರ್ಥ. ಅದು ಉಳಿದ ಮಾಡ್ಯೂಲುಗಳು ಹೇಳುವ ದೂರು. ಎಂಜಿನ್ ಮಾಡ್ಯೂಲೇ ಕೆಟ್ಟಿದೆ ಎಂಬ ತೀರ್ಪಲ್ಲ.

ನುರಿತ ಮೆಕ್ಯಾನಿಕ್ ಮೊದಲು ಫ್ಯೂಸ್, ಅರ್ಥಿಂಗ್ ನೋಡುತ್ತಾನೆ. ಆಮೇಲೆ ಬ್ಯಾಟರಿ ಬಿಚ್ಚಿ, ಮಲ್ಟಿಮೀಟರನ್ನು ಸಾಕೆಟ್ಟಿನ 6 ಮತ್ತು 14ನೇ ಪಿನ್ನಿಗೆ ಹಿಡಿಯುತ್ತಾನೆ. ಕ್ಯಾನ್ ತಂತಿಯ ಎರಡೂ ತುದಿಗಳಲ್ಲಿ 120 ಓಮ್‌ನ ರೆಸಿಸ್ಟರ್ ಇರುವುದರಿಂದ ಮೀಟರ್ ಸುಮಾರು 60 ತೋರಬೇಕು. 120 ತೋರಿದರೆ ಎಲ್ಲೋ ತಂತಿ ಕಡಿದಿದೆ, ಇಲ್ಲವೇ ಒಂದು ರೆಸಿಸ್ಟರ್ ಸಂಪರ್ಕದಲ್ಲಿಲ್ಲ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಗುಲಿವೆ. ಆಗ ಒಂದೊಂದೇ ಮಾಡ್ಯೂಲಿನ ಕನೆಕ್ಟರ್ ಕಳಚುತ್ತ ಹೋದರೆ, ಯಾವುದನ್ನು ಬಿಡಿಸಿದಾಗ ಅಳತೆ ಸರಿಹೋಗುತ್ತದೋ ದೋಷ ಆ ಕವಲಿನಲ್ಲಿದೆ. ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನಡುವೆ ಗೇಟ್‌ವೇ ಎಂಬ ಮಧ್ಯವರ್ತಿ ಮಾಡ್ಯೂಲ್ ಇರುವ ಕಾರುಗಳಲ್ಲಿ ಮಾತ್ರ ಒಳಗಿನ ಜಾಲವನ್ನು ಬೇರೆ ಜಾಗದಲ್ಲಿ ಅಳೆಯಬೇಕಾಗುತ್ತದೆ.

ತಪ್ಪು ತಾನೇ ಕಂಡುಕೊಳ್ಳುವಂತೆ ಈ ಜಾಲವನ್ನು ಕಟ್ಟಿದ್ದಾರೆ. ಅದು ಕೊಡುವ ಸುಳಿವನ್ನು ಅಳೆದು ನೋಡುವುದು ನಮ್ಮ ಪಾಲಿನ ಕೆಲಸ. ಆದ್ದರಿಂದ ಗ್ಯಾರೇಜಿನಲ್ಲಿ ಯಾರಾದರೂ ದುಬಾರಿ ಮಾಡ್ಯೂಲ್ ಬದಲಿಸೋಣ ಎಂದರೆ, ದುಡ್ಡು ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಮೀಟರ್ ಎಷ್ಟು ಓಮ್ ತೋರಿಸಿತು?